ಏಳನೆಯ ಹಾಡಿನ ಗುಂಯ್ ಸದ್ದು

ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಪಾರಿವಾಳಗಳ ಕಾಟ. ಬಾಡಿಗೆ ಕಟ್ಟುವವನು ನಾನು, ವಾಸ ಮಾಡುವವು ಅವು. ಒಣಹಾಕಿದ ಬಟ್ಟೆಯ ಮೇಲೆ, ಕೊತ್ತಂಬರಿ ಬೆಳೆಯಲೆಂದು ಸರೋಜಾ ಮಣ್ಣು ತುಂಬಿಟ್ಟ ಡಬ್ಬಿಗಳ ಮೇಲೆ, ಎ.ಸಿ.ಯ ನೆತ್ತಿಯ ಮೇಲೆ ತಮ್ಮ ಗುರುತು ಬಿಟ್ಟು, ನಾವು ಬಾಗಿಲು ತೆರೆದರೆ ಇವರ್ಯಾರು ಹೇಳದೆ ಕೇಳದೆ ಬಂದರು ಎಂಬಂತೆ ಕತ್ತು ಹೊರಳಿಸಿ ನೋಡುತ್ತವೆ. ಸರೋಜಾ ಕಸಬರಿಗೆ ಬೀಸಿ ಸೋತಳು, ಖಾರದ ಪುಡಿ ಉದುರಿಸಿ ತಾನೇ ಸೀನಿದಳು. ಹಳೆಯ ಸಿ.ಡಿ.ಗಳನ್ನು ತೂಗುಹಾಕಿದರೆ ಅವುಗಳ ಹೊಳಪಿಗೆ ಹೆದರಿ ಪಾರಿವಾಳ ಬರುವುದಿಲ್ಲ ಎಂದು ಕೊನೆಗೆ ಪಕ್ಕದ ಮನೆಯವರು ಹೇಳಿಕೊಟ್ಟರಂತೆ. ಕಳೆದ ಶುಕ್ರವಾರ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಬಾಲ್ಕನಿಗೆ ಹೋದರೆ ಬಟ್ಟೆಯ ಹಗ್ಗಕ್ಕೆ ನಾಲ್ಕು ಸಿ.ಡಿ. ನೇತಾಡುತ್ತಿದ್ದವು. ಮೂರು ಯಾವುವೋ ಕಂಪ್ಯೂಟರಿನವು. ನಾಲ್ಕನೆಯದು ಗಾಳಿಗೆ ಮೆಲ್ಲಗೆ ತಿರುಗಿ ನನ್ನತ್ತ ಮುಖ ಮಾಡಿತು. ಗಿಟಾರ್ ಹಿಡಿದು ನಗುತ್ತಿರುವ ಹಿಲರಿಯವರ ಚಿತ್ರ. ಸಿ.ಡಿ.ಯ ನಡುವಿನ ತೂತು ಸರಿಯಾಗಿ ಗಿಟಾರಿನ ಹೊಟ್ಟೆಯ ಮೇಲೆ ಬಂದಿತ್ತು. ಅದರೊಳಗಿಂದ ನನ್ನ ಹೆಂಡತಿ ಸುತಳಿ ಪೋಣಿಸಿದ್ದಳು.

"ಏ ಸರೋಜಾ, ಇದನ್ಯಾಕ ಕಟ್ಟಿದಿ?" ಎಂದು ಕೂಗಿದೆ.

"ಡ್ರಾದಾಗ ಸುಮ್ನ ಬಿದ್ದಿತ್ರಿ. ಹಾಕಿ ಕೇಳಾಕ ಮನ್ಯಾಗ ಮಷೀನ್ ಎಲ್ಲೈತಿ?" ಅಡುಗೆಮನೆಯಿಂದಲೇ ಉತ್ತರ ಬಂತು.

ಮಗಳು ಮೊಬೈಲಿನಿಂದ ಕಣ್ಣೆತ್ತದೆ, "ರಿಲ್ಯಾಕ್ಸ್ ಪಪ್ಪಾ, ಇಟ್ಸ್ ಜಸ್ಟ್ ಎ ಸಿ.ಡಿ." ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಆ ಸಿ.ಡಿ.ಯೊಳಗೆ ನನ್ನದೊಂದು ತಪ್ಪು ಅಡಗಿದೆ. ಎಂಟು ವರ್ಷ ಅದನ್ನು ಯಾರಿಗೂ ಹೇಳದೆ ಎದೆಯ ಮೇಲೆ ಹೊತ್ತು ತಿರುಗಿದ್ದೆ. ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನೇರ ಹೇಳುವ ಅಭ್ಯಾಸ ನನಗಿಲ್ಲ, ಗದಗಿನಿಂದ ಸುತ್ತಿ ಬರಬೇಕು.

ಸಂಗೀತಕ್ಕೂ ನನಗೂ ಇರುವ ಸಂಬಂಧ ಹಳೆಯದು, ಮತ್ತು ಬಹಳ ಚಿಕ್ಕದು. ಗದಗು ಎಂದರೆ ಹಾಡು ಬಾರದವನೂ ತೊಡೆಯ ಮೇಲೆ ತಾಳ ಹಾಕುವ ಊರು. ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿಯ ಸದ್ದಿಗೇ ಶ್ರುತಿ ಹಿಡಿದು ಭಜನೆ ಹೇಳುವ ಮುದುಕರಿದ್ದರು. ಅಂಥ ಊರಲ್ಲಿ ಹುಟ್ಟಿಯೂ ನಾನು ಹೇಗೋ ತಪ್ಪಿಸಿಕೊಂಡೆ. ಮೂರನೇ ಇಯತ್ತೆಯಲ್ಲಿದ್ದಾಗ ಪ್ರಾರ್ಥನೆಗೆ ಮುಂದೆ ನಿಲ್ಲುವ ಐದು ಜನರಲ್ಲಿ ನನ್ನನ್ನೂ ನಿಲ್ಲಿಸಿದರು. ಕಾರಣ, ನನ್ನ ಅಂಗಿ ಎಲ್ಲರಿಗಿಂತ ಬೆಳ್ಳಗಿತ್ತು. ಎರಡು ದಿನ ಕೇಳಿ ಸಹಿಸಿದ ಮಾಸ್ತರರು ಮೂರನೆಯ ದಿನ ಹೆಗಲ ಮೇಲೆ ಕೈಯಿಟ್ಟು, ಬಲು ಅಕ್ಕರೆಯಿಂದ, "ಬಸವರಾಜ, ನೀ ಬಾಯಿ ಅಷ್ಟ ಆಡಸಪಾ, ಧ್ವನಿ ಬ್ಯಾಡ" ಎಂದರು. ನಾಲ್ಕು ವರ್ಷ ಹಾಗೇ ಬಾಯಿ ಆಡಿಸಿದೆ. ದೂರದಿಂದ ನೋಡಿದವರು ಐವರಲ್ಲಿ ನಾನೇ ಚೆನ್ನಾಗಿ ಹಾಡುತ್ತೇನೆ ಎಂದುಕೊಂಡಿದ್ದರು. ಅವ್ವ ಎರಡು ಸಲ ದೃಷ್ಟಿ ತೆಗೆದಿದ್ದಳು.

ಹೀಗೆ ಸದ್ದಿಲ್ಲದೆ ಸಂಗೀತ ಬಿಟ್ಟವನು ಐ.ಟಿ.ಐ. ಮುಗಿಸಿ, ಎ.ಸಿ. ರಿಪೇರಿ ಕಲಿತು, ತೊಂಬತ್ತರ ದಶಕದ ಕೊನೆಗೆ ಕುವೈತಿಗೆ ಬಂದೆ. ಶುವೈಖಿನಲ್ಲಿ ನಮ್ಮ ಕಂಪನಿಯ ವರ್ಕ್‌ಶಾಪು. ಅಲ್ಲಿಂದ ಗಾಡಿಗೆ ಏಣಿ, ಗ್ಯಾಸ್ ಸಿಲಿಂಡರು ಹೇರಿಕೊಂಡು ದೂರು ಬಂದಲ್ಲಿಗೆ ಓಡುವುದು. ಒಂದು ದಿನ ರಿಗ್ಗೈಯ ಒಂದು ಫ್ಲಾಟಿನಿಂದ ದೂರು ಬಂತು, ಎ.ಸಿ. ಶಬ್ದ ಮಾಡುತ್ತಿದೆ ಎಂದು. ಹೋಗಿ ನೋಡಿದೆ. ಗಾಳಿ ತಣ್ಣಗಿತ್ತು. ಶಬ್ದವೂ ಲೋಕದ ಎಲ್ಲ ಕಿಟಕಿ ಎ.ಸಿ.ಗಳು ಮಾಡುವಷ್ಟೇ ಇತ್ತು. ಇದು ಕೆಟ್ಟಿಲ್ಲ ಎಂದೆ.

ಬಾಗಿಲು ತೆರೆದವರು ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕೈಯಲ್ಲಿ ಗಿಟಾರ್. ಅವರು ಮಂಗಳೂರಿನ ಕಡೆಯವರು, ನಾನು ಗದಗಿನವನು ಎಂದು ಎರಡು ಮಾತಾಡುವಷ್ಟರಲ್ಲೇ ಇಬ್ಬರಿಗೂ ಗೊತ್ತಾಗಿತ್ತು.

"ಕೆಟ್ಟಿಲ್ಲ, ಹೌದು ಮಾರಾಯ್ರೆ. ಆದ್ರೆ ಇದು ಶ್ರುತಿಗಿಂತ ಒಂದು ಕೂದಲೆಳೆ ಕೆಳಗೆ ಹಾಡ್ತದೆ. ನಾನು ಗಿಟಾರ್ ಹಿಡ್ಕೊಂಡು ಕೂತ್ರೆ ನನ್ನನ್ನೂ ಕೆಳಗೆ ಎಳೀತದೆ. ಇದನ್ನು ಸ್ವಲ್ಪ ಮೇಲೆ ಮಾಡ್ಲಿಕ್ಕೆ ಆಗ್ತದಾ?" ಎಂದರು.

ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಎ.ಸಿ.ಗೆ ಶ್ರುತಿ ಕೂಡಿಸಿ ಕೊಡಿ ಎಂದವರು ಅವರೊಬ್ಬರೇ. ಏನಾದರೂ ಮಾಡಬೇಕಲ್ಲ ಎಂದು ಮುಚ್ಚಳ ತೆಗೆದು, ಫ್ಯಾನಿನ ಒಂದು ನಟ್ಟು ಬಿಗಿ ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಹಾಂ, ಈಗ ಸರಿ ಉಂಟು" ಎಂದು ಖುಷಿಪಟ್ಟರು. ನನಗೆ ಮೊದಲಿನದೂ ಈಗಿನದೂ ಒಂದೇ ಥರ ಕೇಳಿಸಿತು. ಅವರ ಕಿವಿ ಅಂಥದ್ದು ಎಂಬುದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತದ್ದರಿಂದಲೇ ಮುಂದಿನ ಫಜೀತಿಯೆಲ್ಲ.

ಹಿಲರಿಯವರ ಪರಿಚಯವಾದದ್ದು ಹೀಗೆ. ಒಂದು ಆಫೀಸಿನಲ್ಲಿ ಕಾಗದ ಪತ್ರ ನೋಡಿಕೊಳ್ಳುವ ಕೆಲಸ. ಹೆಂಡತಿ ಜೆಸಿಂತಾ ಆಸ್ಪತ್ರೆಯಲ್ಲಿ ನರ್ಸ್. ಹಾಗಾಗಿ ಅವರನ್ನು ನಾನು ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ಹಾಡು ಬರೆದು, ರಾಗ ಹಾಕಿ, ತಾವೇ ಹಾಡುವುದು ಹಿಲರಿಯವರ ಹುಚ್ಚು. ಆಗಲೇ ಅವರದೊಂದು ಕ್ಯಾಸೆಟ್ಟು ಬಂದಿತ್ತು. ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನ ಸ್ಟುಡಿಯೋದಲ್ಲಿ, ಹೆಸರಾದ ಒಬ್ಬ ಸಂಗೀತ ಮಾಸ್ಟರರ ಕೈಯಲ್ಲಿ ವಾದ್ಯ ಕೂಡಿಸಿ ಮಾಡಿಸಿದ್ದು. ಕುವೈತಿನ ಮಂಗಳೂರಿನವರ ಕಾರುಗಳಲ್ಲೆಲ್ಲ ಅದು ಓಡಿತಂತೆ. ಆದರೆ ಹೊಗಳುವ ಜನ ಹೊಗಳಿ ಸುಮ್ಮನಿರುವುದಿಲ್ಲವಲ್ಲ. ಹಾಡು ಹಿಲರಿಯದು, ಅದಕ್ಕೆ ಜೀವ ತುಂಬಿದ್ದು ಮಾಸ್ಟರು, ಅವರಿಲ್ಲದಿದ್ದರೆ ಇವನದೇನಿದೆ ಎಂದು ಯಾರೋ ಆಡಿದ ಮಾತು ಅವರ ಕಿವಿಗೆ ಬಿತ್ತು. ಎ.ಸಿ.ಯ ಶ್ರುತಿ ಹಿಡಿಯುವ ಕಿವಿ ಅದು, ಅಂಥ ಮಾತು ಬಿಟ್ಟೀತೆ? ಎರಡನೆಯ ಆಲ್ಬಮ್ ಮಾಡಿದರೆ ಎಲ್ಲ ತಾನೇ ಮಾಡುತ್ತೇನೆ, ಬರೆಯುವುದರಿಂದ ರೆಕಾರ್ಡ್ ಮಾಡುವ ತನಕ ಯಾರ ಕೈಯೂ ಬೇಡ ಎಂದು ಅವರು ಹಠ ಹಿಡಿದರು. ಅದನ್ನು ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟರು.

ಮೊದಲನೆಯದನ್ನು ಜನ ಕ್ಷಮಿಸುತ್ತಾರೆ, ಎರಡನೆಯದನ್ನು ಕ್ಷಮಿಸುವುದಿಲ್ಲ. ಆಗ ಸರೋಜಾ ಇನ್ನೂ ಇಲ್ಲಿಗೆ ಬಂದಿರಲಿಲ್ಲ. ಐದು ಜನ ಒಂದು ರೂಮಿನಲ್ಲಿದ್ದೆವು. ನಾನು ಮೊದಲ ಸಲ ರೊಟ್ಟಿ ಬಡಿದಾಗ ಅದು ಭಾರತದ ನಕಾಶೆಯಂತಿದ್ದರೂ ಗೆಳೆಯರು ಭೇಷ್ ಎಂದು ತಿಂದರು. ಎರಡನೆಯ ದಿನವೂ ನಕಾಶೆಯೇ ಬಂದಾಗ, "ಬಸಣ್ಣ, ನೀ ಅನ್ನಾ ಮಾಡೋ" ಎಂದರು. ಹಾಗಾಗಿ ಹಿಲರಿಯವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಈ ಎರಡನೆಯದು ಹಾಳಾದರೆ ಮೊದಲನೆಯದೂ ಅವರದಲ್ಲ ಎಂದು ಆಗಿಬಿಡುತ್ತಿತ್ತು.

ರೆಕಾರ್ಡಿಂಗ್ ಅವರ ಮಲಗುವ ಕೋಣೆಯಲ್ಲೇ. ಕಂಪ್ಯೂಟರು, ಒಂದು ಒಳ್ಳೆಯ ಮೈಕು, ಕಿವಿ ಮುಚ್ಚುವ ಹೆಡ್‌ಫೋನು, ಇಷ್ಟೇ ಸಾಮಾನು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದರು. ಕೆಳಗಿನ ಬಕಾಲಾದ ಮಲಯಾಳಿ ಅಂಗಡಿಯವನು ಅವನ್ನು ಕೂಡಿಸಿ ಕೊಡುತ್ತಾ, "ಇಷ್ಟು ಮೊಟ್ಟೆ ತಿಂದ್ರೆ ಹಾರ್ಟ್ ಹೋಗ್ತದೆ ಭಾಯಿ" ಎಂದು ಬುದ್ಧಿ ಹೇಳಿದನಂತೆ. ಊರಿಗೆ ಒಯ್ಯಲೆಂದು ಕೊಂಡ ದಪ್ಪ ಕಂಬಳಿಗಳು ಕಿಟಕಿಗೆ ಬಂದವು. ಬಟ್ಟೆಯ ಕಪಾಟನ್ನು ತೆರೆದು, ಸಿಸ್ಟರರ ಸೀರೆಗಳ ನಡುವೆ ಮೈಕು ನಿಲ್ಲಿಸಿ, ಅತ್ತ ಮುಖ ಮಾಡಿ ಹಿಲರಿ ಹಾಡಬೇಕು. ಸೀರೆಗಳು ಸದ್ದನ್ನು ಹೀರುತ್ತವೆಯಂತೆ. ಆ ಕಪಾಟಿನ ಬಾಗಿಲಿಗೊಂದು ಉದ್ದ ಕನ್ನಡಿ ಇತ್ತು.

ಇಷ್ಟೆಲ್ಲ ಮಾಡಿದ ಮೇಲೂ ಉಳಿದದ್ದು ಎ.ಸಿ. ಅದನ್ನು ಆರಿಸದೆ ಹಾಡುವಂತಿಲ್ಲ. ಕುವೈತಿನ ಆಗಸ್ಟಿನಲ್ಲಿ ಅದನ್ನು ಆರಿಸಿ ಬದುಕುವಂತಿಲ್ಲ. ಹಾಡು ಐದು ನಿಮಿಷದ್ದು. ಅಷ್ಟರಲ್ಲಿ ಕೋಣೆ ಕಾದ ಹಂಚಾಗುತ್ತದೆ. ಬೇಕಾದಾಗ ಟಕ್ಕೆಂದು ಆರಿಸಿ ಟಕ್ಕೆಂದು ಹಚ್ಚಲೂ ಆಗದು. ಆರಿಸಿದ ಕಂಪ್ರೆಸರಿಗೆ ಮೂರು ನಿಮಿಷ ವಿಶ್ರಾಂತಿ ಕೊಡದೆ ಮತ್ತೆ ಹಚ್ಚಿದರೆ ಅದು ಮುನಿಸಿಕೊಂಡು ಕೂರುತ್ತದೆ. ಮೊದಲ ಶುಕ್ರವಾರ ಹಿಲರಿ ತಾವೇ ಈ ಆಟ ಆಡಿ ಕಂಪ್ರೆಸರ್ ಕೆಡಿಸಿ ನನಗೆ ಫೋನ್ ಮಾಡಿದರು. ರಿಪೇರಿ ಮಾಡಿ ನಾನೇ ಹೇಳಿದೆ, "ನೀವು ಹಾಡ್ರಿ, ಸ್ವಿಚ್ ನಾ ನೋಡ್ಕೋತೀನಿ." ಯಾರ ಕೈಯೂ ಬೇಡ ಎಂದಿದ್ದವರು, ಸ್ವಿಚ್ಚಿನ ಮೇಲಿನ ಕೈ ಲೆಕ್ಕಕ್ಕಿಲ್ಲ ಎಂದು ಒಪ್ಪಿಕೊಂಡರು.

ಅಂದಿನಿಂದ ಪ್ರತಿ ಶುಕ್ರವಾರ ನನ್ನ ಡ್ಯೂಟಿ. ಬೆಳಿಗ್ಗೆ ಅವರು ಚರ್ಚಿಗೆ ಹೋಗಿ ಬರುತ್ತಿದ್ದರು. ಮಧ್ಯಾಹ್ನದ ನಮಾಜು ಮುಗಿದು ಬೀದಿಯ ಜನ ಉಂಡು ಮಲಗಿದ ಮೇಲೆ ಮುಂದಿನ ಬಾಂಗ್ ಕೇಳುವ ತನಕ ಎರಡು ತಾಸು ರಿಗ್ಗೈಯಲ್ಲಿ ಒಂದು ಕಾರಿನ ಹಾರ್ನೂ ಇರುತ್ತಿರಲಿಲ್ಲ. ನಮಗೆ ಸಿಗುತ್ತಿದ್ದದ್ದು ಆ ಎರಡು ತಾಸು. ಮಲಗುವ ಕೋಣೆಗೂ ಹೊರಗಿನ ಕೋಣೆಗೂ ನಡುವಿನ ಬಾಗಿಲಲ್ಲಿ ನನ್ನ ಕುರ್ಚಿ. ಬಲಗೈಗೆ ಒಳಗಿನ ಎ.ಸಿ.ಯ ಸ್ವಿಚ್, ಎಡಗೈಗೆ ಹೊರಗಿನದು. ಹಿಲರಿ "ಯಲ್ಲಾ" ಎಂದರೆ ಎರಡೂ ಆರಿಸಬೇಕು. ಹಾಡು ಮುಗಿದು ಅವರು "ಖಲಾಸ್" ಎಂದರೆ ಗಡಿಯಾರ ನೋಡಿ, ಮೂರು ನಿಮಿಷ ಆಗಿದೆಯೆಂದು ಖಾತ್ರಿ ಮಾಡಿಕೊಂಡು ಹಚ್ಚಬೇಕು. ಬೆವರು ಒರೆಸಿಕೊಳ್ಳುವುದೂ ನಿಷಿದ್ಧ, ಟವೆಲ್ಲಿನ ಸದ್ದು ಮೈಕಿಗೆ ಬೀಳುತ್ತದೆ. ಬಾಯಿ ಆಡಿಸುವುದಕ್ಕಿಂತ ಇದು ಒಂದು ಮೆಟ್ಟಿಲು ಮೇಲಿನ ಹುದ್ದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಏಳನೆಯ ಹಾಡಿನ ದಿನ ಬಂತು. ಅದರ ಹಿಂದಿನ ದಿನ ಮಹಬೂಲಾದಲ್ಲಿ ಕೆಲಸದವರು ತುಂಬಿದ್ದ ಒಂದು ಕಟ್ಟಡದ ಎ.ಸಿ. ಪೂರ್ತಿ ನಿಂತುಹೋಗಿತ್ತು. ಗುರುವಾರ ಬೆಳಿಗ್ಗೆ ಅದರ ತಾರಸಿ ಹತ್ತಿದ ನಾನು ಇಳಿದದ್ದು ಶುಕ್ರವಾರ ಬೆಳಿಗ್ಗೆ. ರೂಮಿಗೆ ಹೋಗಿ ಸ್ನಾನ ಮಾಡಿ ನೇರ ಹಿಲರಿಯವರ ಮನೆಗೆ ಬಂದೆ. ಸಿಸ್ಟರ್ ಮೀನು ಸಾರಿನ ಪರಿಮಳದ ನಡುವೆಯೂ ನನಗೆಂದು ಬೇರೆ ಪಾತ್ರೆಯಲ್ಲಿ ಬೇಳೆ ಸಾರು ಮಾಡಿಟ್ಟಿರುತ್ತಿದ್ದರು. ಹೊಟ್ಟೆ ತುಂಬ ಉಂಡು ಕುರ್ಚಿಯಲ್ಲಿ ಕೂತೆ. ಅಂದಿನ ಹಾಡು ಕಡಲಿನಿಂದ ಬಂದ ಗಂಡನನ್ನು ಹೆಂಡತಿ ಊಟಕ್ಕೆ ಕರೆಯುವುದು. ಚಪ್ಪಾಳೆ ತಟ್ಟಿ ಗಟ್ಟಿಯಾಗಿ ಹಾಡಬೇಕಾದ ಹಾಡು ಎಂದು ಅವರೇ ಹೇಳಿದ್ದರು.

"ಯಲ್ಲಾ, ಬಸವರಾಜರೇ."

ಬಲಗೈಯ ಸ್ವಿಚ್ ಆರಿಸಿದ್ದು ನೆನಪಿದೆ. ಎಡಗೈ ಎತ್ತಿದ್ದೂ ನೆನಪಿದೆ. ಆಮೇಲೆ ನೆನಪಿರುವುದು "ಖಲಾಸ್" ಎಂಬ ಮಾತು. ಕಣ್ಣು ತೆರೆದರೆ ಎಡಗೈ ಸ್ವಿಚ್ಚಿನ ಮೇಲೇ ಇದೆ. ಸ್ವಿಚ್ ಆರಿಲ್ಲ. ಹೊರಗಿನ ಕೋಣೆಯ ಎ.ಸಿ. ತನ್ನ ಪಾಡಿಗೆ ಓಡುತ್ತಿದೆ. ಹಿಲರಿ ಇನ್ನೂ ಕಪಾಟಿನತ್ತ ಮುಖ ಮಾಡಿ, ನನಗೆ ಬೆನ್ನು ಹಾಕಿ ನಿಂತಿದ್ದರು. ನಾನು ಬೆಕ್ಕಿನ ಹಾಗೆ ಸದ್ದಿಲ್ಲದೆ ಸ್ವಿಚ್ ಆರಿಸಿದೆ. ಅವರು ತಿರುಗಿದಾಗ, "ಭಾಳ ಚಲೋ ಬಂತ್ರಿ" ಎಂದೆ. ಕೇಳದ ಹಾಡಿಗೆ ಅಷ್ಟು ದೊಡ್ಡ ಪ್ರಶಂಸೆ ನಾನು ಕೊಟ್ಟದ್ದು ಅದೇ ಮೊದಲು.

ಅಂದೇ ಹೇಳಬಹುದಿತ್ತು. ಐದು ನಿಮಿಷದ ಕೆಲಸ, ಇನ್ನೊಮ್ಮೆ ಹಾಡುತ್ತಿದ್ದರು. ಆದರೆ ನನಗಿದ್ದ ಒಂದೇ ಒಂದು ಕೆಲಸದಲ್ಲಿ ನಿದ್ದೆ ಹೊಡೆದೆ ಎಂದು ಹೇಗೆ ಹೇಳಲಿ? ಮುಂದಿನ ಶುಕ್ರವಾರ ಹಿಲರಿ ಅದೇ ಹಾಡನ್ನು "ಸುಮ್ನೆ ಒಮ್ಮೆ" ಎಂದು ನಾಲ್ಕು ಸಲ ಹಾಡಿದರು. ನಾನು ಕಣ್ಣರಳಿಸಿ ಕೂತು ನಾಲ್ಕು ಸಲವೂ ಎರಡೂ ಸ್ವಿಚ್ ಆರಿಸಿದೆ. ಬದುಕಿದೆ ಬಡಜೀವವೇ ಎಂದುಕೊಂಡೆ, ಈಗ ಒಳ್ಳೆಯದನ್ನೇ ಇಟ್ಟುಕೊಳ್ಳುತ್ತಾರೆ. ಎಲ್ಲ ಜೋಡಿಸಿ ಮುಗಿಸಿದ ಮೇಲೆ ಪೂರ್ತಿ ಆಲ್ಬಮ್ ಕೇಳಿಸಿದರು. ಏಳನೆಯ ಹಾಡನ್ನು ಉಸಿರು ಬಿಗಿಹಿಡಿದು ಕೇಳಿದೆ. ಯಾವ ಸದ್ದೂ ಇರಲಿಲ್ಲ.

ಬಿಡುಗಡೆ ಒಂದು ಶಾಲೆಯ ಹಾಲಿನಲ್ಲಿ. ರಿಬ್ಬನ್ ಸುತ್ತಿದ ಸಿ.ಡಿ.ಯನ್ನು ಅತಿಥಿಗಳು ಬಿಚ್ಚಿ ಮೇಲೆತ್ತಿ ತೋರಿಸಿದರು. ಆಲ್ಬಮ್ಮಿನ ಹೆಸರು 'ಆಂಗ್ಣಾಂತ್ಲೆಂ ವಾರೆಂ', ಅಂದರೆ ಅಂಗಳದ ಗಾಳಿ. ನನ್ನನ್ನೂ ವೇದಿಕೆಗೆ ಕರೆದು ಗುಲಾಬಿ ಕೊಟ್ಟರು. ಯಾಕೆಂದರೆ ಸಿ.ಡಿ.ಯ ಒಳಗಿನ ಕಾರ್ಡಿನಲ್ಲಿ, ಪದ, ರಾಗ, ಗಿಟಾರ್, ಧ್ವನಿ ಎಲ್ಲದರ ಮುಂದೆ ಹಿಲರಿ ಎಂದು, ಕೋರಸ್ ಮುಂದೆ ಜೆಸಿಂತಾ ಎಂದು ಅಚ್ಚು ಮಾಡಿ, ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದರು: 'ಮೌನ್: ಬಸವರಾಜ್, ಗದಗ್.' ಮೌನ್ ಎಂದರೆ ನಮ್ಮ ಮೌನವೇ. ಹಾಡಿನ ಆಲ್ಬಮ್ಮಿನಲ್ಲಿ ಮೌನಕ್ಕೆಂದು ಹೆಸರು ಬಂದ ಮನುಷ್ಯ ಲೋಕದಲ್ಲಿ ನಾನೊಬ್ಬನೇ ಇರಬೇಕು. ಜನ ನಕ್ಕು ಚಪ್ಪಾಳೆ ತಟ್ಟಿದರು. ಏಳನೆಯ ಹಾಡು ಹಾಲಿನಲ್ಲಿ ಮೊಳಗಿದಾಗ ಒಂದಿಬ್ಬರು ಕಣ್ಣೊರೆಸಿಕೊಂಡರು. ಹೆಂಡತಿ ಗಂಡನನ್ನು ಕರೆಯುವ ದನಿ ಎಷ್ಟು ಮೆದುವಾಗಿದೆ, ಹೀಗೆ ಹಾಡಬೇಕೆಂದು ಹಿಲರಿಗೆ ಹೊಳೆದದ್ದಾದರೂ ಹೇಗೆ ಎಂದು ಎಲ್ಲರೂ ಮಾತಾಡಿಕೊಂಡರು.

ಆ ವರ್ಷ ರಜೆಗೆ ಹೋದಾಗ ಸಿ.ಡಿ.ಯನ್ನು ಗದಗಿನ ಅಕ್ಕನ ಮನೆಗೆ ಒಯ್ದೆ. ಕಾರ್ಡಿನಲ್ಲಿರುವ ನನ್ನ ಹೆಸರು ತೋರಿಸುವ ಚಪಲ. ಮಧ್ಯಾಹ್ನ ಊಟವಾಗಿ ಮನೆ ಶಾಂತವಾಗಿತ್ತು. ಹೊರಗೆ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಅಕ್ಕ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು. ಭಾಷೆ ತಿಳಿಯದಿದ್ದರೂ ತಲೆದೂಗುತ್ತಿದ್ದಳು. ಏಳನೆಯ ಹಾಡು ಶುರುವಾಯಿತು. ಅಕ್ಕ ಕೈ ನಿಲ್ಲಿಸಿ ಕಿಟಕಿಯತ್ತ ನೋಡಿದಳು.

"ಇವತ್ತ ಸೋಮವಾರ ಅಲ್ಲೇನೋ? ಗಿರಣಿ ಸೂಟಿ ಐತಲ್ಲ, ಮತ್ತ ಯಾರು ಹಚ್ಯಾರ?"

"ಯಾವ ಗಿರಣಿ?" ಎಂದೆ.

"ಕೇಳಸವಲ್ದೇನು? ಗುಂಯ್ ಅಂತೈತಲ್ಲ."

ನಾನೂ ಕಿಟಕಿಯತ್ತ ಹೋದೆ. ಅಲ್ಲಿ ಸದ್ದಿಲ್ಲ. ತಿರುಗಿ ಬಂದೆ, ಸದ್ದು ಇದೆ. ಹಾಡು ಮುಗಿದು ಎಂಟನೆಯದು ಬಂದಾಗ ಗಿರಣಿ ತಾನಾಗಿ ನಿಂತಿತು. ಹಿಲರಿ ಇಟ್ಟುಕೊಂಡದ್ದು ನಾನು ಮಲಗಿದ್ದ ದಿನದ ಹಾಡನ್ನೇ. ವರ್ಷವಿಡೀ ಎ.ಸಿ.ಯ ಕೆಳಗೆ ಉಂಡು, ದುಡಿದು, ಮಲಗುವ ನಮಗೆ ಅದರ ಸದ್ದು ಕೇಳುವುದೇ ಇಲ್ಲ. ಹಾಡು ಕೇಳಿಸಿದ ಕೋಣೆಯಲ್ಲೂ ಎ.ಸಿ., ಬಿಡುಗಡೆಯ ಹಾಲಿನಲ್ಲೂ ಎ.ಸಿ., ಕಾರುಗಳಲ್ಲೂ ಎ.ಸಿ. ಇಡೀ ಕುವೈತಿನಲ್ಲಿ ಒಬ್ಬರಿಗೂ ಕೇಳದ ಸದ್ದು ಅವರೆಕಾಯಿ ಸುಲಿಯುತ್ತಿದ್ದ ನನ್ನ ಅಕ್ಕನಿಗೆ ಕೇಳಿತು. ಅಂಗಳದ ಗಾಳಿ ಎಂಬ ಆಲ್ಬಮ್ಮಿನೊಳಗೆ ನಾನು ಎ.ಸಿ.ಯ ಗಾಳಿ ಬೀಸಿಬಿಟ್ಟಿದ್ದೆ.

ಅಕ್ಕನಿಗೆ ಕೇಳಿದ್ದು ಕರಾವಳಿಯವರಿಗೆ ಕೇಳದಿರುತ್ತದೆಯೇ? ನಾನು ಮರಳಿ ಬರುವಷ್ಟರಲ್ಲಿ ಮಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಬಂದಿದ್ದ ವಿಮರ್ಶೆಯ ತುಣುಕು ಕುವೈತಿನ ಕೈಕೈ ತಿರುಗುತ್ತಿತ್ತು. ಎಲ್ಲ ತಾನೇ ಮಾಡುತ್ತೇನೆಂದು ಹೊರಟ ಗಾಯಕರಿಗೆ ಹಾಡುವಾಗ ಮನೆಯ ಗ್ರೈಂಡರ್ ಆರಿಸಲು ಒಬ್ಬ ಜನ ಸಿಗಲಿಲ್ಲವೇ ಎಂದು ಬರೆದಿದ್ದರು. ಆಮೇಲೆ ಎಲ್ಲಿ ಹೋದರೂ ಅವರಿಗೆ 'ಗ್ರೈಂಡರ್ ಹಿಲರಿ' ಎಂದೇ ಹೆಸರು. ಚರ್ಚಿನಂಗಳದಲ್ಲಿ, ಮದುವೆಯ ಪಾರ್ಟಿಗಳಲ್ಲಿ, "ಏನು ಹಿಲರಿ, ಇಡ್ಲಿಗೆ ಹಾಕಿದ್ದಾ, ದೋಸೆಗೆ ಹಾಕಿದ್ದಾ?" ಎಂದು ಕೇಳಿ ನಗುತ್ತಿದ್ದರು. ಹಿಲರಿಯೂ ನಗುತ್ತಿದ್ದರು. "ಅದು ನನ್ನ ತಂಬೂರಿ ಮಾರಾಯ್ರೆ, ಹೊಸ ಮಾಡೆಲ್" ಎನ್ನುತ್ತಿದ್ದರು. ನನ್ನ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಅವರಿಗೆ ಕಾರಣ ಗೊತ್ತಿಲ್ಲ ಎಂದುಕೊಂಡೆ. ಎ.ಸಿ.ಯ ಕೂದಲೆಳೆ ಹಿಡಿದ ಕಿವಿಗೆ ಇದು ಕೇಳಿರಲಿಲ್ಲ ಎಂದು ನಂಬಿದ ನನ್ನ ಬುದ್ಧಿಗೆ ಏನನ್ನೋಣ!

ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ಕ್ರಿಸ್‌ಮಸ್ಸಿಗೆ ಕರೆದು ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಮುಂದಿಟ್ಟಾಗ ಹೇಳೋಣವೆಂದು ಬಾಯಿ ತೆರೆದು, ಚಕ್ಕುಲಿ ಹಾಕಿಕೊಂಡು ಮುಚ್ಚಿದೆ. ಸರೋಜಾ ಬಂದಳು, ಮಗಳು ಇಲ್ಲಿಯ ಶಾಲೆ ಸೇರಿದಳು, ನಾವು ಅವರ ಬೀದಿಯಲ್ಲೇ ಮನೆ ಮಾಡಿದೆವು. ಎರಡು ಮನೆಯ ನಡುವೆ ಪಾತ್ರೆಗಳು ಓಡಾಡಿದವು. ಮೂರನೆಯ ಆಲ್ಬಮ್ ಮಾತ್ರ ಬರಲಿಲ್ಲ. ಯಾರಾದರೂ ಕೇಳಿದರೆ ಹಿಲರಿ, "ನೋಡುವ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ, ಈ ಮನುಷ್ಯನ ಹಾಡು ನಿಲ್ಲಿಸಿದವನು ನಾನೇ ಎಂದು ಅನ್ನಿಸುತ್ತಿತ್ತು. ಕೆಲವೊಮ್ಮೆ ಅವರ ಮನೆಗೆ ಹೋಗುವುದನ್ನೇ ತಪ್ಪಿಸಿದ್ದೇನೆ.

ಎಂಟು ವರ್ಷ ಹೀಗೇ ಕಳೆಯಿತು. ಹಿಲರಿಯವರಿಗೆ ವಯಸ್ಸಾಯಿತು ಎಂದು ಕಂಪನಿ ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಗಿ, ಮುಂದುವರಿಸಲಿಲ್ಲ. ಗಂಡ ಹೆಂಡತಿ ಇಬ್ಬರೂ ಕುವೈತು ಬಿಟ್ಟು ಹೊರಟರು. ಮನೆ ಖಾಲಿ ಮಾಡುವ ಮುಂಚೆ ಗೋಡೆ ಸರಿ ಮಾಡಿಕೊಡಬೇಕಿತ್ತು. ಮೊಟ್ಟೆಯ ಟ್ರೇಗಳನ್ನು ಕಿತ್ತರೆ ಅವುಗಳೊಂದಿಗೆ ಬಣ್ಣವೂ ಬರುತ್ತಿತ್ತು. ನಾನೂ ಅವರೂ ಒಂದೊಂದು ತಗಡಿನ ಪಟ್ಟಿ ಹಿಡಿದು ಗೋಂದು ಕೆರೆಯುತ್ತಾ ಕೂತಿದ್ದೆವು. ಸಿಸ್ಟರ್ ಹೊರಗಿನ ಕೋಣೆಯಲ್ಲಿ ಕಾರ್ಗೋ ಡಬ್ಬಗಳಿಗೆ ಟೇಪು ಸುತ್ತುತ್ತಿದ್ದರು. ಇಂದು ಹೇಳದಿದ್ದರೆ ಇನ್ನು ಇಲ್ಲ ಎಂದು ಗೋಡೆ ನೋಡುತ್ತಲೇ ಶುರು ಮಾಡಿದೆ.

"ಹಿಲರಿಯವರ, ಒಂದ ಮಾತು ಹೇಳೂದಿತ್ರಿ. ಆ ಏಳನೇ ಹಾಡಿನ್ಯಾಗ ಗುಂಯ್ ಅಂತೈತಲ್ಲ, ಅದು ಗ್ರೈಂಡರ್ ಅಲ್ರಿ. ಹೊರಗಿನ ರೂಮಿನ ಎ.ಸಿ. ನಾ ಆರಿಸಿರ್ಲಿಲ್ಲ. ನಿದ್ದಿ ಹತ್ತಿಬಿಟ್ಟಿತ್ತು. ನಿಮ್ಮ ಹೆಸರು ಕೆಡಿಸಿದಾಂವ ನಾನ."

ಅವರ ಪಟ್ಟಿ ಕೆರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು ಮಾರಾಯ್ರೆ" ಎಂದರು.

"ಗೊತ್ತಿತ್ತಾ? ಯಾವಾಗಿಂದ?"

"ಆಗಿಂದ್ಲೇ. ಹೆಡ್‌ಫೋನಲ್ಲಿ ಮೊದಲ್ನೇ ಸಾಲಿಗೇ ಕೇಳ್ತು. ನೀವು ಎಂತ ಮಾಡ್ತಾ ಇದ್ದೀರಿ ಅಂತ ಕಪಾಟಿನ ಕನ್ನಡಿಯಲ್ಲಿ ನೋಡಿದೆ. ಬಾಯಿ ತೆರ್ಕೊಂಡು ನಿದ್ದೆ! ಕೈ ಮಾತ್ರ ಸ್ವಿಚ್ ಮೇಲೆ."

"ಮತ್ತ ನಿಲ್ಲಿಸಿ ನನ್ನ ಎಬ್ಬಿಸಬೇಕಿತ್ತಲ್ರಿ!"

ಈಗ ಅವರು ಪಟ್ಟಿ ಕೆಳಗಿಟ್ಟರು. "ಒಂದು ಹಗಲು, ಒಂದು ರಾತ್ರಿ ತಾರಸಿ ಮೇಲೆ ಬೆಂದು ಬಂದ ಜನ ನೀವು. ಎಬ್ಬಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಹಾಡು ನಿಲ್ಲಿಸಿದ್ರೂ ಎಚ್ಚರ ಆಗ್ತದೆ, ಜೋರು ಹಾಡಿದ್ರೂ ಎಚ್ಚರ ಆಗ್ತದೆ. ಮೆಲ್ಲ ಹಾಡಿದೆ, ಅಷ್ಟೇ."

ನಾನು ಕೆರೆದ ಜಾಗವನ್ನೇ ಮತ್ತೆ ಕೆರೆಯತೊಡಗಿದೆ. ಅವರೇ ಮುಂದುವರಿಸಿದರು. "ಮುಂದಿನ ಶುಕ್ರವಾರ ನಾಲ್ಕು ಸಲ ಹಾಡಿದೆ, ನೆನಪುಂಟಾ? ಎ.ಸಿ. ಇಲ್ಲ, ಸದ್ದಿಲ್ಲ, ಎಲ್ಲ ಕ್ಲೀನ್. ಆದ್ರೆ ನೀವು ಗೂಬೆ ಹಾಗೆ ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಾ ಇದ್ದೀರಿ. ಒಂದೂ ಅಷ್ಟು ಮೆತ್ತಗೆ ಬರ್ಲಿಲ್ಲ. ಜನ ನಗ್ತಾರೆ ಅಂತ ಗೊತ್ತಿತ್ತು. ನಗಲಿ ಅಂತ ಅದನ್ನೇ ಇಟ್ಟೆ."

"ಹಂಗಾದ್ರ ಮೂರನೇದು ಯಾಕ ಮಾಡಲಿಲ್ರಿ? ನಾ ಅಂದ್ಕೊಂಡಿದ್ದೆ, ನನ್ನಿಂದನ..."

ಉತ್ತರ ಹೊರಗಿನಿಂದ ಬಂತು. "ಮೂರನೇದು ಮಾಡ್ಲಿಕ್ಕೆ ನಾನು ಬಿಡ್ಬೇಕಲ್ಲ ಬಸವರಾಜರೇ! ಎರಡು ವರ್ಷ ನನ್ನ ಸೀರೆಗೆಲ್ಲ ಇವರ ಬೆವರಿನ ವಾಸನೆ. ಡ್ಯೂಟಿಯಿಂದ ಬಂದ್ರೆ ಮಲಗ್ಲಿಕ್ಕೆ ಕೋಣೆ ಇಲ್ಲ!"

ಹಿಲರಿ ನಕ್ಕರು. ನಾನೂ ನಕ್ಕೆ. ನಗುತ್ತಾ ಕಣ್ಣಲ್ಲಿ ನೀರು ಬಂದದ್ದನ್ನು ಗೋಡೆಯ ಧೂಳಿನ ಮೇಲೆ ಹಾಕಿದೆ. ಎಂಟು ವರ್ಷ ನಾನು ತಪ್ಪಿಸಿಕೊಂಡು ತಿರುಗಿದ್ದು ಎಂಥವರಿಂದ ಎಂದು ನಾಚಿಕೆಯಾಯಿತು. ಒಂದು ವಾರದಲ್ಲಿ ಅವರು ಹೊರಟುಹೋದರು. ಈಗಲೂ ಆಗಾಗ ಫೋನ್ ಬರುತ್ತದೆ. ಮೂರನೆಯದಕ್ಕೆ ಹಾಡು ಬರೆಯುತ್ತಿದ್ದಾರಂತೆ. ಅಲ್ಲಿ ಎ.ಸಿ. ಇಲ್ಲ, ಕಾಗೆಗಳನ್ನು ಆರಿಸುವ ಸ್ವಿಚ್ ಎಲ್ಲಿದೆ ಎಂದು ಮಾತ್ರ ಇನ್ನೂ ಗೊತ್ತಾಗಿಲ್ಲವಂತೆ.

ನಾನು ಹೇಳಬೇಕಾದದ್ದು ಇಷ್ಟೇ ಎಂದುಕೊಂಡಿದ್ದೆ. ಆದರೆ ಶುಕ್ರವಾರ ಬಾಲ್ಕನಿಯ ಹಗ್ಗದಿಂದ ಸಿ.ಡಿ. ಬಿಚ್ಚಿಕೊಂಡಾಗ ಅದರ ಮೇಲೊಂದು ಪಾರಿವಾಳ ಆಗಲೇ ತನ್ನ ಅಭಿಪ್ರಾಯ ತಿಳಿಸಿತ್ತು. ತೊಳೆದು, ಅಂಗಿಯ ತುದಿಯಿಂದ ಒರೆಸಿದೆ. ಮನೆಯಲ್ಲಿ ಮಷೀನಿಲ್ಲ ಎಂದು ಸರೋಜಾ ಹೇಳಿದ್ದು ನಿಜ. ಸಿ.ಡಿ. ಹಾಡುವ ಒಂದೇ ಜಾಗ ಕೆಳಗೆ ನಿಂತಿರುವ ನನ್ನ ಹಳೆಯ ಕಾರು. ಅದರಲ್ಲಿ ಎಷ್ಟೋ ಸಲ ಈ ಹಾಡು ಕೇಳಿದ್ದೇನೆ, ಆದರೆ ಯಾವಾಗಲೂ ಕಾರಿನ ಎ.ಸಿ. ಹಚ್ಚಿಯೇ. ಅಂದು ಮೊದಲ ಸಲ ಎಂಜಿನ್ ಹಚ್ಚದೆ, ಗಾಜು ಏರಿಸಿ, ಏಳನೆಯ ಹಾಡು ಹಾಕಿದೆ.

ಗುಂಯ್ ಎಂಬುದು ಮೊದಲು ಬಂತು. ಅದರ ಮೇಲೆ ಹಿಲರಿಯವರ ದನಿ, ಮಗುವಿನ ಪಕ್ಕದಿಂದ ಏಳುವವರ ಹಾಗೆ ಮೆತ್ತಗೆ. ಬೆವರು ಕತ್ತಿನಿಂದ ಇಳಿಯತೊಡಗಿತು. ಎರಡನೆಯ ಚರಣ ಮುಗಿದು ಗಿಟಾರ್ ಎತ್ತಿಕೊಳ್ಳುವ ಮುನ್ನ ಒಂದು ಚಿಕ್ಕ ತೆರಪಿದೆ. ಅಲ್ಲಿ ಏನೋ ಕೇಳಿದಂತಾಯಿತು. ಹಿಂದೆ ಒಯ್ದು ಮತ್ತೆ ಹಾಕಿದೆ. ಉದ್ದನೆಯ ಒಂದು ಉಸಿರು, ಕೊನೆಯಲ್ಲಿ ಸಣ್ಣದೊಂದು ಗೊರಕೆ. ಸರೋಜಾ ದಿನಾ ಬೆಳಿಗ್ಗೆ ನನ್ನ ಮುಂದೆ ಅಣಕಿಸಿ ತೋರಿಸುವ ಗೊರಕೆ.

ಅಷ್ಟು ಸೂಕ್ಷ್ಮ ಕಿವಿಯ ಹಿಲರಿ ಇದನ್ನು ನೂರು ಸಲ ಕೇಳಿರಬೇಕು. ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅವರು ಅಳಿಸಲಿಲ್ಲ. ಸಿ.ಡಿ.ಯ ಕಾರ್ಡು ಅಚ್ಚಾದದ್ದು ಹಾಡುಗಳೆಲ್ಲ ಮುಗಿದ ಮೇಲೆ. ಅಂದರೆ ನನ್ನ ಹೆಸರಿನ ಮುಂದೆ ಮೌನ ಎಂದು ಬರೆಯುವ ಹೊತ್ತಿಗೆ ಅವರಿಗೆ ಎಲ್ಲ ಗೊತ್ತಿತ್ತು. ಬಾಯಿ ಅಷ್ಟೇ ಆಡಿಸು, ಧ್ವನಿ ಬೇಡ ಎಂದು ಹೇಳಿಸಿಕೊಂಡು ಬೆಳೆದವನು ನಾನು. ನನ್ನ ಸದ್ದನ್ನೂ ಒಬ್ಬರು ಹಾಡಿನೊಳಗೆ ಇರಲಿ ಎಂದು ಬಿಟ್ಟಿದ್ದರು. ಕಾದ ಕಾರಿನಲ್ಲಿ ಅಂಗಿ ಪೂರ್ತಿ ಒದ್ದೆಯಾಗುವ ತನಕ ಕೂತಿದ್ದೆ. ಎ.ಸಿ. ಹಚ್ಚಲಿಲ್ಲ.